ಮಲ್ಪೆಯ ಎಕ್ಸೆಲ್ ಬಟನ್, ನಮ್ಮ ಎಂಟು ಮಾಡ್ಯೂಲ್

2024ರ ಜುಲೈ 29, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಮಲ್ಪೆಯಿಂದ ಫೋನ್ ಬಂತು. ಆ ಕಡೆ ನಮ್ಮ ಬೋಟಿನ ಲೆಕ್ಕದ ಸಾಫ್ಟ್‌ವೇರ್ ಬಳಸುವ ಸಂಘದ ಗುಮಾಸ್ತರು.

"ಎಂತ ಮಾರಾಯ್ರೆ, ಎಕ್ಸೆಲ್ ಬಟನ್ ಒತ್ತಿದ್ರೆ ಎಂತದೂ ಬರುದಿಲ್ಲ. ಸುಮ್ನೆ ತಿರುಗ್ತಾ ಉಂಟು. ಗುರುವಾರ ಬೋಟು ಹೋಗ್ಲಿಕ್ಕುಂಟಲ್ಲ, ಡೀಸೆಲ್ ಪಟ್ಟಿ ನಾನು ಎಲ್ಲಿಂದ ಕೊಡುದು?"

ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು ಎಲ್ಲ ಆಗಲೇ. ನಮಗೂ ಅದೇ ರಜೆಯ ಕಾಲದಲ್ಲಿ ಜಾಸ್ತಿ ಕೆಲಸ. ಸಾಫ್ಟ್‌ವೇರಿನಲ್ಲಿ ದೊಡ್ಡ ಬದಲಾವಣೆ ಏನಿದ್ದರೂ ಆ 61 ದಿನಗಳಲ್ಲಿ ಮುಗಿಸಬೇಕು. ಆಗಸ್ಟ್ 1ಕ್ಕೆ ಬೋಟು ಹೊರಟ ಮೇಲೆ ಗುಮಾಸ್ತರ ಬಳಿ "ಸ್ವಲ್ಪ ತಾಳಿ" ಎನ್ನುವ ಹಾಗಿಲ್ಲ. ಆ ದಿನ ನಮ್ಮ ಕೈಯಲ್ಲಿ ಮೂರು ದಿನ ಉಳಿದಿತ್ತು.

ಆ ಮೂರು ದಿನ ಏನಾಯಿತು, ಮುಂದಿನ ಮೂರು ತಿಂಗಳು ನಾವು ಏನು ಮಾಡಿದೆವು ಎಂದು ಪೂರ್ತಿ ಬರೆದಿಡುತ್ತಿದ್ದೇನೆ. ಮೇವನ್ ಎಂದರೆ ಜಾವಾ ಸಾಫ್ಟ್‌ವೇರನ್ನು ಬಿಲ್ಡ್ ಮಾಡುವ, ಅಂದರೆ ಕೋಡಿನಿಂದ ಓಡಿಸಬಹುದಾದ ಫೈಲ್ ತಯಾರಿಸುವ ಸಾಧನ. ಅದರಲ್ಲಿ ಹತ್ತಾರು ಮಾಡ್ಯೂಲ್ (ಸಾಫ್ಟ್‌ವೇರಿನ ಬಿಡಿ ಭಾಗ) ಇಟ್ಟುಕೊಂಡು ಕೆಲಸ ಮಾಡುವ ಸಣ್ಣ ತಂಡಗಳು ಮಂಗಳೂರಲ್ಲೇ ಬಹಳ ಇವೆ. ಅವರಿಗೂ ಇದೇ ಆಗುವ ಸಾಧ್ಯತೆ ಇದೆ.

ನಮ್ಮ ಕೆಲಸ, ನಮ್ಮ ವ್ಯವಸ್ಥೆ

ನಾವು ಮಂಗಳೂರಿನ ಕದ್ರಿ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಕೂತು ಕೆಲಸ ಮಾಡುವ ಆರು ಜನ. ಮಾಡುವುದು ಬೋಟಿನ ಲೆಕ್ಕದ ಸಾಫ್ಟ್‌ವೇರ್. ಒಂದು ಬೋಟು ಒಂದು ಟ್ರಿಪ್ ಹೋಗಿ ಬಂದರೆ ಎಷ್ಟು ಡೀಸೆಲ್, ಎಷ್ಟು ಐಸ್, ಎಷ್ಟರ ಸಾಮಾನು, ಏಲಂನಲ್ಲಿ ಯಾವ ಮೀನು ಎಷ್ಟಕ್ಕೆ ಹೋಯಿತು, ಕಮಿಷನ್ ಎಷ್ಟು, ಉಳಿದದ್ದರಲ್ಲಿ ಮಾಲಕರ ಪಾಲು ಎಷ್ಟು, ಬೋಟು ನಡೆಸುವ ತಾಂಡೇಲರ ಪಾಲು ಎಷ್ಟು, ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು ಎಷ್ಟು. ಇಷ್ಟನ್ನೂ ತಪ್ಪಿಲ್ಲದೆ ಹೇಳಬೇಕು. ಒಂದು ಸಾವಿರ ಹೆಚ್ಚು ಕಡಿಮೆ ಆದರೂ ಬಂದರಿನಲ್ಲಿ ಮಾತು ಬೆಳೆಯುತ್ತದೆ.

ಜಾವಾದಲ್ಲಿ ಬರೆದ ಈ ಸಾಫ್ಟ್‌ವೇರಿನಲ್ಲಿ ಆಗ ಎಂಟು ಮಾಡ್ಯೂಲ್ ಇದ್ದವು: ಸಾಮಾನ್ಯ, ಬೋಟು, ಡೀಸೆಲ್, ಏಲಂ, ಲೆಕ್ಕ, ವರದಿ, ಸಂದೇಶ, ವೆಬ್. ಹೆಸರೇ ಕೆಲಸ ಹೇಳುತ್ತದೆ. ದಿನಾಂಕ, ಹಣ, ಫೈಲ್ ಓದುವುದು ಇಂಥ ಎಲ್ಲರಿಗೂ ಬೇಕಾದ ಕೋಡ್ 'ಸಾಮಾನ್ಯ'ದಲ್ಲಿ. ಎಕ್ಸೆಲ್ ಮತ್ತು ಪಿಡಿಎಫ್ 'ವರದಿ'ಯಲ್ಲಿ. ಎಸ್‌ಎಂಎಸ್ 'ಸಂದೇಶ'ದಲ್ಲಿ. ಎಲ್ಲವನ್ನೂ ಸೇರಿಸಿಕೊಂಡು ಸರ್ವರ್ ಮೇಲೆ ಓಡುವುದು 'ವೆಬ್'.

ಎಂಟಕ್ಕೂ ಬೇರೆ ಬೇರೆ ಗಿಟ್ ರೆಪೊಸಿಟರಿ, ಅಂದರೆ ಕೋಡನ್ನೂ ಅದರ ಬದಲಾವಣೆಗಳನ್ನೂ ದಾಖಲಿಸಿಡುವ ಜಾಗ. ಎಂಟಕ್ಕೂ ಅದರದ್ದೇ ಪಾಮ್ ಫೈಲ್ (ಏನೇನು ಬೇಕು, ಹೇಗೆ ಬಿಲ್ಡ್ ಮಾಡಬೇಕು ಎಂದು ಮೇವನ್‌ಗೆ ಹೇಳುವ ಫೈಲ್), ಅದರದ್ದೇ ವರ್ಷನ್ ನಂಬರ್. ಯಾವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಯಾವ ವರ್ಷನ್ ಬೇಕು ಎಂದು ಎಂಟು ಕಡೆ ಬರೆದಿತ್ತು. ಬಿಲ್ಡ್ ಮಾಡಿದ ಜಾರ್ ಫೈಲ್‌ಗಳನ್ನು (ಜಾವಾ ಕೋಡಿನ ಕಟ್ಟುಗಳನ್ನು) ಆಫೀಸಿನ ಒಂದು ನೆಕ್ಸಸ್ ಸರ್ವರಿನಲ್ಲಿ, ಅಂದರೆ ಜಾರ್‌ಗಳ ಉಗ್ರಾಣದಲ್ಲಿ, ಸ್ನ್ಯಾಪ್‌ಶಾಟ್ (ಇನ್ನೂ ಬದಲಾಗುತ್ತಿರುವ ವರ್ಷನ್) ಎಂದು ಇಡುತ್ತಿದ್ದೆವು. ಯಾವ ಮಾಡ್ಯೂಲ್ ಆದ ಮೇಲೆ ಯಾವುದನ್ನು ಬಿಲ್ಡ್ ಮಾಡಬೇಕು ಎಂಬ ಪಟ್ಟಿಯನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆವು. ಎಂಟು ಫೋಲ್ಡರಿಗೆ ಒಂದೊಂದಾಗಿ ಹೋಗಿ ಕ್ಲೀನ್ ಇನ್‌ಸ್ಟಾಲ್ ಎಂಬ ಮೇವನ್ ಕಮಾಂಡ್ ಹೊಡೆದರೆ ಇಪ್ಪತ್ತು ನಿಮಿಷದ ಮೇಲೆ ಬೇಕಿತ್ತು. ಈ ವ್ಯವಸ್ಥೆ ಮಾಡಿದ್ದು ನಾನೇ. ಮೊದಲು ಮೂರೇ ಮಾಡ್ಯೂಲ್ ಇದ್ದಾಗ ಅದು ಚೆನ್ನಾಗಿಯೇ ನಡೆದಿತ್ತು.

ಸೋಮವಾರದ ಹುಡುಕಾಟ

ವರದಿ ಮಾಡ್ಯೂಲ್ ನೋಡಿಕೊಳ್ಳುವ ಸಹೋದ್ಯೋಗಿ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬಟನ್ ಒತ್ತಿ ನೋಡಿದರು. ಎಕ್ಸೆಲ್ ಬಂತು. ವರದಿಯ ಟೆಸ್ಟ್‌ಗಳೆಲ್ಲ ಪಾಸ್. ಸರ್ವರಿನಲ್ಲಿ ಮಾತ್ರ ಬರುವುದಿಲ್ಲ. ದೋಷಗಳು ದಾಖಲಾಗುವ ಲಾಗ್ ನೋಡಿದರೆ ಒಂದು ಸಾಲೂ ಇಲ್ಲ.

ನಮ್ಮ ಅನುಮಾನ ಸರ್ವರಿನ ಮೇಲೆಯೇ ಹೋಯಿತು. ಅದಕ್ಕೆ ಕಾರಣವೂ ಇತ್ತು. ಎಕ್ಸೆಲ್ ಬರೆಯಲು ನಾವು ಬಳಸುವುದು ಅಪಾಚೆ ಪಿಓಐ ಎಂಬ ಲೈಬ್ರರಿ. ಅದರಲ್ಲಿ ಕಾಲಂ ಅಗಲವನ್ನು ತಾನಾಗಿ ಹೊಂದಿಸಲು ಹೇಳಿದರೆ ಅಕ್ಷರದ ಅಳತೆ ತೆಗೆಯಬೇಕಾಗುತ್ತದೆ. ಅದಕ್ಕೆ ಫಾಂಟ್ ಬೇಕು. ಫಾಂಟ್ ಹಾಕಿರದ ಲಿನಕ್ಸ್ ಸರ್ವರಿನಲ್ಲಿ ಅದು ಕೈಕೊಡುವುದು ಪಿಓಐ ಬಳಸುವವರಿಗೆಲ್ಲ ಗೊತ್ತಿರುವ ವಿಷಯ. ಹಾಗಾಗಿ ಫಾಂಟ್ ಹಾಕಿದೆವು. ಜಾವಾ ವರ್ಷನ್ ನೋಡಿದೆವು. ಮೆಮೊರಿ ಹೆಚ್ಚಿಸಿದೆವು. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಹೊರಗೆ ಜೋರು ಮಳೆ, ಎರಡು ಸಲ ಕರೆಂಟ್ ಹೋಗಿ ಬಂತು. ಏನೂ ಸರಿಹೋಗಲಿಲ್ಲ.

ದಾರಿ ತೋರಿಸಿದ್ದು ಅದೇ ವಾರ ಸೇರಿದ ಇಂಟರ್ನ್ ಹುಡುಗಿ. ಇಂಜಿನಿಯರಿಂಗ್ ಕೊನೆಯ ವರ್ಷ. ಹೊಸ ಲ್ಯಾಪ್‌ಟಾಪ್. ಅವಳು ಬೆಳಿಗ್ಗೆಯಿಂದ ಗೋಡೆಯ ಹಾಳೆ ನೋಡಿಕೊಂಡು ಒಂದೊಂದೇ ಮಾಡ್ಯೂಲ್ ಬಿಲ್ಡ್ ಮಾಡುತ್ತಾ ಕೂತಿದ್ದಳು. ನಾಲ್ಕು ಗಂಟೆ ಹೊತ್ತಿಗೆ ಬಂದು, "ಸರ್, ನನ್ನದರಲ್ಲಿಯೂ ಎಕ್ಸೆಲ್ ಬರುದಿಲ್ಲ" ಎಂದಳು.

ಅಂದರೆ ಸರ್ವರಿನ ತಪ್ಪಲ್ಲ. ಅವಳ ಲ್ಯಾಪ್‌ಟಾಪ್ ವಿಂಡೋಸ್, ಫಾಂಟ್ ಬೇಕಾದಷ್ಟು ಇದೆ. ಆ ಮಷಿನ್‌ಗೂ ನಮ್ಮ ಮಷಿನ್‌ಗಳಿಗೂ ಒಂದೇ ವ್ಯತ್ಯಾಸ. ಅವಳ ಎಂ2 ಫೋಲ್ಡರ್, ಅಂದರೆ ಮೇವನ್ ಒಂದು ಮಷಿನ್‌ನಲ್ಲಿ ಜಾರ್‌ಗಳನ್ನು ಕೂಡಿಡುವ ಜಾಗ, ಬೆಳಿಗ್ಗೆ ಖಾಲಿ ಇತ್ತು. ನಮ್ಮದರಲ್ಲಿ ವರ್ಷಗಳ ಜಾರ್ ತುಂಬಿತ್ತು.

ಅಲ್ಲಿಂದ ಮುಂದೆ ಕೆಲಸ ಬೇಗ ಸಾಗಿತು. ಲಾಗ್ ಯಾಕೆ ಖಾಲಿ ಎಂದು ಮೊದಲು ನೋಡಿದೆವು. ವರದಿ ತಯಾರಿಸುವ ಕೆಲಸ ಹಿನ್ನೆಲೆಯ ಥ್ರೆಡ್‌ನಲ್ಲಿ ನಡೆಯುತ್ತದೆ. ಅಲ್ಲಿ ನಾವು ಹಿಡಿಯುತ್ತಿದ್ದದ್ದು 'ಎಕ್ಸೆಪ್ಶನ್' ಎಂಬ ಬಗೆಯ ದೋಷವನ್ನು ಮಾತ್ರ. ಜಾವಾದಲ್ಲಿ 'ಎರರ್' ಎನ್ನುವುದು ಬೇರೆಯೇ ಕವಲು. ಅದು ನಮ್ಮ ಬಲೆಗೆ ಸಿಗದೆ ಹೋಗಿ ಥ್ರೆಡ್ ಪೂಲಿನ ಫ್ಯೂಚರ್ (ಕೆಲಸದ ಫಲಿತಾಂಶ ಇಡುವ ಡಬ್ಬಿ) ಒಳಗೆ ಕೂತುಬಿಡುತ್ತಿತ್ತು. ಅದನ್ನು ಯಾರೂ ತೆರೆದು ನೋಡದಿದ್ದರೆ ಲಾಗ್‌ಗೆ ಬರುವುದಿಲ್ಲ. ಈ ಎರಡನ್ನೂ ಒಳಗೊಂಡ 'ಥ್ರೋವಬಲ್' ಹಿಡಿಯುವ ಹಾಗೆ ಒಂದು ಸಾಲು ಬದಲಿಸಿ ಮತ್ತೆ ಬಟನ್ ಒತ್ತಿದಾಗ ಹೆಸರು ಕಾಣಿಸಿತು: ನೋ ಸಚ್ ಮೆಥಡ್ ಎರರ್. ಪಿಓಐ ತನಗೆ ಬೇಕಾದ ಒಂದು ಮೆಥಡ್ (ಕರೆದಾಗ ಒಂದು ಕೆಲಸ ಮಾಡುವ ಕೋಡಿನ ತುಣುಕು) ಅನ್ನು ಕಾಮನ್ಸ್ ಐಓ ಎಂಬ ಲೈಬ್ರರಿಯಲ್ಲಿ ಹುಡುಕುತ್ತಿತ್ತು. ಅಲ್ಲಿ ಅದು ಇರಲಿಲ್ಲ.

ಹತ್ತಿರ ಇರುವವನೇ ಗೆಲ್ಲುತ್ತಾನೆ

ವೆಬ್ ಮಾಡ್ಯೂಲಿನಲ್ಲಿ, ಯಾವ ಲೈಬ್ರರಿ ಯಾವುದರ ಮೂಲಕ ಬಂತು ಎಂದು ತೋರಿಸುವ ಡಿಪೆಂಡೆನ್ಸಿ ಟ್ರೀ ಕಮಾಂಡ್ ಓಡಿಸಿದೆವು. ವರ್ಬೋಸ್ ಆಯ್ಕೆ ಹಾಕಿದರೆ ಮೇವನ್ ಯಾವುದನ್ನು ಕೈಬಿಟ್ಟಿತು ಎನ್ನುವುದೂ ಕಾಣುತ್ತದೆ. ನಮಗೆ ಬೇಕಾದ ಭಾಗ ಇಷ್ಟು:

ವೆಬ್
— ಸಾಮಾನ್ಯ
— — ಕಾಮನ್ಸ್ ಐಓ 2.6
— ವರದಿ
— — ಪಿಓಐ 5.2.5
— — — ಕಾಮನ್ಸ್ ಐಓ 2.15.0 (ಕೈಬಿಟ್ಟಿದೆ, 2.6 ಆರಿಸಿದೆ)

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಪ್ರಕರಣದ ಗಂಟು ಇರುವುದು ಈ ಆರು ಸಾಲಿನಲ್ಲಿ.

ನಾವು ಒಂದು ಲೈಬ್ರರಿ ಕೇಳಿದರೆ ಅದಕ್ಕೆ ಬೇಕಾದ ಇತರ ಲೈಬ್ರರಿಗಳನ್ನೂ ಮೇವನ್ ತಾನೇ ತರುತ್ತದೆ. 2005ರಲ್ಲಿ ಮೇವನ್ 2 ಬಂದಾಗಿನಿಂದ ಈ ಸೌಲಭ್ಯ ಇದೆ. ಒಂದೇ ಲೈಬ್ರರಿಯ ಎರಡು ವರ್ಷನ್ ಎರಡು ದಾರಿಯಿಂದ ಬಂದರೆ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು. ಮೇವನ್ ಯಾವುದನ್ನು ಇಟ್ಟುಕೊಳ್ಳುತ್ತದೆ? ಹೊಸದನ್ನು ಎಂದು ನಮ್ಮಲ್ಲಿ ನಾಲ್ಕು ಜನ ನಂಬಿದ್ದರು. ಹಾಗಿಲ್ಲ. ಬಿಲ್ಡ್ ಆಗುತ್ತಿರುವ ಮಾಡ್ಯೂಲಿನಿಂದ ಎಷ್ಟು ಮೆಟ್ಟಿಲು ದೂರ ಎಂದು ಲೆಕ್ಕ ಹಾಕಿ, ಹತ್ತಿರದ್ದನ್ನು ಇಟ್ಟುಕೊಳ್ಳುತ್ತದೆ. ದೂರ ಸಮ ಆದರೆ ಪಾಮ್ ಫೈಲಿನಲ್ಲಿ ಯಾವ ದಾರಿ ಮೊದಲು ಬರೆದಿದೆಯೋ ಅದು.

ಈಗ ಎಣಿಸಿ ನೋಡಿ. ವೆಬ್‌ನಿಂದ ಸಾಮಾನ್ಯದ ಮೂಲಕ ಹೋದರೆ ಕಾಮನ್ಸ್ ಐಓ ಎರಡನೇ ಮೆಟ್ಟಿಲಲ್ಲಿ ಸಿಗುತ್ತದೆ. ವರದಿ ಮತ್ತು ಪಿಓಐ ಮೂಲಕ ಹೋದರೆ ಮೂರನೇ ಮೆಟ್ಟಿಲು. ಎರಡು ಹತ್ತಿರ. ಹಾಗಾಗಿ ಹಳೆಯ 2.6 ಗೆದ್ದಿತು.

ವರದಿ ಮಾಡ್ಯೂಲಿನ ಟೆಸ್ಟ್ ಯಾಕೆ ಪಾಸ್ ಆಗುತ್ತಿತ್ತು? ಅಲ್ಲಿ ನಿಂತು ಎಣಿಸಬೇಕು. ವರದಿಯಿಂದ ಪಿಓಐ ಮೂಲಕ ಎರಡು ಮೆಟ್ಟಿಲು. ಸಾಮಾನ್ಯದ ಮೂಲಕವೂ ಎರಡು ಮೆಟ್ಟಿಲು. ಸಮ. ವರದಿಯ ಪಾಮ್‌ನಲ್ಲಿ ಪಿಓಐ ಮೇಲೆ ಬರೆದಿತ್ತು, ಸಾಮಾನ್ಯ ಅದರ ಕೆಳಗೆ. ಹಾಗಾಗಿ ಅಲ್ಲಿ 2.15.0 ಗೆದ್ದಿತು. ಒಂದೇ ಕೋಡ್, ತನ್ನ ಮನೆಯಲ್ಲಿ ಟೆಸ್ಟ್ ಆದದ್ದು ಒಂದು ಲೈಬ್ರರಿಯ ಜೊತೆ, ಬಂದರಿನಲ್ಲಿ ಓಡಿದ್ದು ಇನ್ನೊಂದರ ಜೊತೆ. ಯಾರಾದರೂ ಆ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದ್ದರೆ ವರದಿಯ ಟೆಸ್ಟ್ ಅಂದೇ ಬಿದ್ದು, ಪಿಓಐ ಹೊಸ ವರ್ಷನ್‌ಗೆ ಹೋದ ಮೇ ತಿಂಗಳಲ್ಲೇ ನಮಗೆ ಗೊತ್ತಾಗುತ್ತಿತ್ತು.

ಕಂಪೈಲರ್ ಕೂಡ ಏನೂ ಹೇಳಲಿಲ್ಲ. ಅದು ಕಂಪೈಲ್ ಮಾಡುವುದು ನಮ್ಮ ಕೋಡನ್ನು ಮಾತ್ರ. ಪಿಓಐ ಎಲ್ಲೋ ಆಗಲೇ ಕಂಪೈಲ್ ಆಗಿ ಜಾರ್ ರೂಪದಲ್ಲಿ ಬಂದದ್ದು. ಅದಕ್ಕೆ ಬೇಕಾದ ಮೆಥಡ್ ಇದೆಯೋ ಇಲ್ಲವೋ ಗೊತ್ತಾಗುವುದು ಆ ಸಾಲು ಓಡುವಾಗಲೇ. ಅಂದರೆ ಗುಮಾಸ್ತರು ಬಟನ್ ಒತ್ತಿದಾಗ.

ಹಾಗಾದರೆ ನಮ್ಮ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಹೇಗೆ ಬಂತು? ಅವರೇ ನೆನಪು ಮಾಡಿಕೊಂಡು ಹೇಳಿದರು. ಮೇ ತಿಂಗಳಲ್ಲಿ ಪಿಓಐ ಹೊಸ ವರ್ಷನ್‌ಗೆ ಹೋದಾಗ ಇದೇ ದೋಷ ಅವರಿಗೆ ಒಮ್ಮೆ ಕಂಡಿತ್ತು. ಸಾಮಾನ್ಯ ಮಾಡ್ಯೂಲ್ ತೆರೆದು 2.6 ಇದ್ದದ್ದನ್ನು 2.15.0 ಮಾಡಿ ಇನ್‌ಸ್ಟಾಲ್ ಹೊಡೆದರು. ಸರಿಹೋಯಿತು. ಅಷ್ಟರಲ್ಲಿ ಬೇರೆ ತುರ್ತು ಕೆಲಸ ಬಂತು. ಆ ಬದಲಾವಣೆ ಗಿಟ್‌ಗೆ ಹೋಗಲೇ ಇಲ್ಲ. ಆಮೇಲೆ ಯಾವಾಗಲೋ ಫೋಲ್ಡರ್ ಹಳೆಯ ಸ್ಥಿತಿಗೆ ಬಂತು. ಆದರೆ ತಿದ್ದಿದ ಜಾರ್ ಮಾತ್ರ ಅವರ ಎಂ2 ಫೋಲ್ಡರಿನಲ್ಲಿ ಕೂತಿತ್ತು. ಎರಡು ತಿಂಗಳು ಅವರ ವೆಬ್ ಓಡಿದ್ದು ಆ ಜಾರ್ ಮೇಲೆ. ಎಲ್ಲೂ ದಾಖಲೆ ಇಲ್ಲದ, ಯಾರ ಬಳಿಯೂ ಇಲ್ಲದ ಒಂದು ಜಾರ್.

ಅವರು ತುಂಬಾ ನೊಂದುಕೊಂಡರು. ಅವರ ಮೇಲೆ ತಪ್ಪು ಹೊರಿಸುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ದಿನಕ್ಕೆ ಹತ್ತು ಸಲ ಇನ್‌ಸ್ಟಾಲ್ ಹೊಡೆಯಲೇಬೇಕಾದ ವ್ಯವಸ್ಥೆ ಇಟ್ಟುಕೊಂಡರೆ ಆರು ಜನರ ಮಷಿನ್‌ನಲ್ಲಿ ಆರು ಬಗೆಯ ಸತ್ಯ ಇರುತ್ತದೆ. ಅಂದು ನಮ್ಮ ಕಚೇರಿಯಲ್ಲಿ ನಂಬಬಹುದಾದ ಬಿಲ್ಡ್ ಒಂದೇ ಇತ್ತು, ಖಾಲಿ ಲ್ಯಾಪ್‌ಟಾಪ್‌ನಲ್ಲಿ ಆದದ್ದು.

ಆ ರಾತ್ರಿಯ ತೇಪೆ

ರಾತ್ರಿಯೇ ತೇಪೆ ಹಾಕಿದೆವು. ವೆಬ್‌ನ ಪಾಮ್‌ನಲ್ಲಿ ಕಾಮನ್ಸ್ ಐಓ 2.15.0 ಎಂದು ನೇರವಾಗಿ ಬರೆದೆವು. ಆಗ ಅದು ಮೊದಲನೇ ಮೆಟ್ಟಿಲಿಗೆ ಬರುತ್ತದೆ. ಅದಕ್ಕಿಂತ ಹತ್ತಿರ ಬೇರೆ ಇಲ್ಲ. ಮಂಗಳವಾರ ಪೂರ್ತಿ ಪರೀಕ್ಷೆ ಮಾಡಿ, ಬುಧವಾರ ನಾನು ಬಸ್ಸಿನಲ್ಲಿ ಮಲ್ಪೆಗೆ ಹೋದೆ. ಗುಮಾಸ್ತರು ಬಟನ್ ಒತ್ತಿದರು. ಬೋಟಿನ ನಂಬರ್, ಮಾಲಕರ ಹೆಸರು, ಲೀಟರ್, ಸಹಿ ಹಾಕುವ ಜಾಗ, ಎಲ್ಲ ಇರುವ ಪಟ್ಟಿ ತೆರೆದುಕೊಂಡಿತು. "ಆಯ್ತು, ಇನ್ನು ಚಾ ಕುಡಿವ" ಎಂದರು. ಆಚೆ ದಕ್ಕೆಯಲ್ಲಿ ಬೋಟುಗಳಿಗೆ ಐಸ್ ತುಂಬುತ್ತಿದ್ದರು.

ತೇಪೆ ಕೆಲಸ ಮಾಡಿತು, ನಿಜ. ಆದರೆ ವೆಬ್ ತನ್ನ ಕೋಡಿನಲ್ಲಿ ಎಲ್ಲೂ ಬಳಸದ ಲೈಬ್ರರಿಯ ಹೆಸರು ಅದರ ಪಾಮ್‌ನಲ್ಲಿ ಕೂತಿತು. ಮುಂದೆ ಯಾರೋ "ಇದು ಯಾಕೆ ಬೇಕು" ಎಂದು ತೆಗೆದರೆ ಮತ್ತೆ ಅದೇ ಕಥೆ. ಹೀಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. 2021ರ ಡಿಸೆಂಬರ್ ಕೂಡ ನೆನಪಿಗೆ ಬಂತು. ಲಾಗ್ ಬರೆಯುವ ಲೈಬ್ರರಿಯಾದ ಲಾಗ್‌ಫೋರ್‌ಜೆಯಲ್ಲಿ ದೊಡ್ಡ ಭದ್ರತಾ ದೋಷ ಬಯಲಾದ ತಿಂಗಳು ಅದು. ಒಂದೇ ತಿಂಗಳಲ್ಲಿ 2.15, 2.16, 2.17, 2.17.1 ಎಂದು ಸಾಲಾಗಿ ಹೊಸ ವರ್ಷನ್ ಬಂದವು. ಪ್ರತಿ ಸಲವೂ ನಾವು ಎಲ್ಲ ಪಾಮ್ ಫೈಲ್‌ಗಳನ್ನು ತೆರೆದು ತಿದ್ದಿ, ಗೋಡೆಯ ಹಾಳೆಯ ಪ್ರಕಾರ ಮತ್ತೆ ಬಿಲ್ಡ್ ಮಾಡಿದ್ದೆವು. ಆಗಲೇ ಈ ಕೆಲಸಕ್ಕೆ ಕೈ ಹಾಕಬೇಕಿತ್ತು.

ಒಂದೇ ಸೂರಿನಡಿ

ಆಗಸ್ಟ್ ಎರಡನೇ ವಾರ ಶುರು ಮಾಡಿದೆವು. ಮೊದಲು ಎಂಟು ರೆಪೊಸಿಟರಿಗಳನ್ನು ಒಂದು ಮಾಡುವುದು. ಮೇಲೆ ಒಂದು ಪೇರೆಂಟ್ ಪಾಮ್, ಅದರ ಕೆಳಗೆ ಮಾಡ್ಯೂಲ್‌ಗಳು, ಎಲ್ಲಕ್ಕೂ ಒಂದೇ ವರ್ಷನ್ ನಂಬರ್. ಹೀಗೆ ಮಾಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ಮೇವನ್‌ನ ರಿಯಾಕ್ಟರ್ ತಾನೇ ಲೆಕ್ಕ ಹಾಕುತ್ತದೆ. ಗೋಡೆಯ ಹಾಳೆ ಬೇಡ.

ಇದಕ್ಕೆ ನಮ್ಮಲ್ಲೇ ವಿರೋಧ ಇತ್ತು. "ಬೇರೆ ಬೇರೆ ಇದ್ದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ" ಎನ್ನುವುದು ವಾದ. ಅದರಲ್ಲಿ ಹುರುಳಿದೆ. ನಾನು ಕೇಳಿದ್ದು ಒಂದೇ. ಡೀಸೆಲ್ ಮಾಡ್ಯೂಲನ್ನು ನಾವು ಎಂದಾದರೂ ಏಲಂ ಬಿಟ್ಟು ಬೇರೆಯಾಗಿ ಮಲ್ಪೆಗೆ ಕೊಟ್ಟಿದ್ದೇವಾ? ಇಲ್ಲ. ಯಾವಾಗಲೂ ಒಟ್ಟಿಗೇ ಹೋಗುತ್ತವೆ. ಒಟ್ಟಿಗೆ ಹೋಗುವುದಕ್ಕೆ ಬೇರೆ ಬೇರೆ ವರ್ಷನ್ ನಂಬರ್ ಯಾಕೆ ಬೇಕು? 'ಸಂದೇಶ' ಮಾತ್ರ ಹಾಗಲ್ಲ. ಅದನ್ನು ಅಡಿಕೆ ವ್ಯಾಪಾರಿಯೊಬ್ಬರಿಗೆ ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲೂ ಬಳಸುತ್ತೇವೆ. ಅದನ್ನು ಹೊರಗೇ ಬಿಟ್ಟೆವು. ಅದಕ್ಕೆ ಸ್ನ್ಯಾಪ್‌ಶಾಟ್ ತೆಗೆದು ಗಟ್ಟಿ ವರ್ಷನ್ ನಂಬರ್ ಕೊಟ್ಟೆವು. ಹೊರಗಿನ ಲೈಬ್ರರಿಯ ಹಾಗೆಯೇ ಅದು ಒಳಗೆ ಬರುತ್ತದೆ.

ಎಲ್ಲವನ್ನೂ ಒಂದು ಫೋಲ್ಡರಿಗೆ ತಂದು ಮೊದಲ ಸಲ ಬಿಲ್ಡ್ ಹೊಡೆದಾಗ ಒಂದು ಸಾಲೂ ಕಂಪೈಲ್ ಆಗಲಿಲ್ಲ. ರಿಯಾಕ್ಟರ್ ಬಾಗಿಲಲ್ಲೇ ತಡೆಯಿತು. ಲೆಕ್ಕಕ್ಕೆ ಏಲಂ ಬೇಕು, ಏಲಂಗೆ ಲೆಕ್ಕ ಬೇಕು, ಸುತ್ತು ಬಿದ್ದಿದೆ, ಯಾವುದನ್ನು ಮೊದಲು ಮಾಡಲಿ ಎನ್ನುವುದು ಅದರ ತಕರಾರು.

ಇಂಟರ್ನ್ ಹುಡುಗಿ ಗೋಡೆಯ ಕಡೆ ಕೈ ತೋರಿಸಿದಳು. "ಸರ್, ಅದಕ್ಕೇನಾ ಹಾಳೆಯಲ್ಲಿ ಲೆಕ್ಕ ಎರಡು ಸಲ ಇರುದು?"

ಹೌದು. ಹಾಳೆಯಲ್ಲಿ ನಾಲ್ಕನೆಯದು ಲೆಕ್ಕ, ಐದನೆಯದು ಏಲಂ, ಆರನೆಯದು ಮತ್ತೆ ಲೆಕ್ಕ. ವರ್ಷಗಳಿಂದ ನಾವೆಲ್ಲ ಆ ಹಾಳೆಯ ಪ್ರಕಾರ ಬಿಲ್ಡ್ ಮಾಡಿದ್ದೇವೆ. ಯಾಕೆ ಎರಡು ಸಲ ಎಂದು ಯಾರೂ ಕೇಳಿರಲಿಲ್ಲ. ರೆಪೊಸಿಟರಿ ಬೇರೆ ಬೇರೆ ಇದ್ದಾಗ ಈ ಸುತ್ತು ಕಾಣುವುದೇ ಇಲ್ಲ. ಇವತ್ತಿನ ಏಲಂ ಬಿಲ್ಡ್ ಆಗುವುದು ನೆಕ್ಸಸ್‌ನಲ್ಲಿರುವ ನಿನ್ನೆಯ ಲೆಕ್ಕದ ಮೇಲೆ. ಇವತ್ತಿನ ಲೆಕ್ಕ ಬಿಲ್ಡ್ ಆಗುವುದು ನಿನ್ನೆಯ ಏಲಂ ಮೇಲೆ. ಎರಡೂ ಹಸಿರು. ಎರಡೂ ಇವತ್ತಿನದ್ದು ಒಟ್ಟಿಗೆ ಸೇರುತ್ತವೆಯೇ ಎಂದು ಯಾರೂ ನೋಡಿದವರಿಲ್ಲ.

ಸುತ್ತು ಬಿಡಿಸಲು ಹತ್ತು ದಿನ ಹಿಡಿಯಿತು. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ, ನನಗೆ ತುಂಬಾ ಇಷ್ಟವಾದದ್ದೂ ಇದೇ. ಏಲಂ ಮುಗಿದ ತಕ್ಷಣ ಜಮಾ ಬರೆಯಲು ಅದು ಲೆಕ್ಕವನ್ನು ಕರೆಯುತ್ತಿತ್ತು. ಕೆಲವು ಮೀನಿಗೆ ಕಮಿಷನ್ ದರ ಬೇರೆ ಇರುವುದರಿಂದ ಪಾಲು ಹಾಕುವಾಗ ಲೆಕ್ಕ ಮತ್ತೆ ಏಲಂ ಕಡೆ ತಿರುಗಿ "ಇದು ಅಂಜಲ್ ಆ, ಬಂಗುಡೆಯಾ, ಎಷ್ಟು ಕೆಜಿ" ಎಂದು ಕೇಳುತ್ತಿತ್ತು. ಬಿಡಿಸುವುದು ಹೇಗೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಸಾಕಾಯಿತು.

ಉತ್ತರ ಸಿಕ್ಕಿದ್ದು ಬಂದರಿನಲ್ಲೇ. ಅಲ್ಲಿ ಏಲಂ ಕೂಗುವವರು ಲೆಕ್ಕ ಬರೆಯುವವರ ಹತ್ತಿರ ಹೋಗುವುದಿಲ್ಲ. ಲೆಕ್ಕದವರು ಏಲಂ ನಡೆಯುವ ಕಡೆ ಬರುವುದಿಲ್ಲ. ನಡುವೆ ಒಂದು ಚೀಟಿ ಇದೆ. ಬೋಟಿನ ಹೆಸರು, ಮೀನು, ತೂಕ, ದರ, ತೆಗೆದುಕೊಂಡವರು, ಅಷ್ಟೂ ಅದರಲ್ಲಿ ಇರುತ್ತದೆ. ಒಬ್ಬ ಹುಡುಗ ಅದನ್ನು ತಂದು ಮುಟ್ಟಿಸುತ್ತಾನೆ. ನಾವೂ ಹಾಗೇ ಮಾಡಿದೆವು. 'ಚೀಟಿ' ಎಂದೇ ಒಂದು ಹೊಸ ಮಾಡ್ಯೂಲ್. ಅದರಲ್ಲಿ ನಾಲ್ಕು ಕ್ಲಾಸ್, ಬರೀ ಮಾಹಿತಿ, ಬುದ್ಧಿ ಏನೂ ಇಲ್ಲ. ಏಲಂ ಚೀಟಿ ಬರೆಯುತ್ತದೆ. ಲೆಕ್ಕ ಚೀಟಿ ಓದುತ್ತದೆ. ಒಂದಕ್ಕೆ ಇನ್ನೊಂದರ ಹೆಸರೇ ಗೊತ್ತಿಲ್ಲ. ತಂದು ಮುಟ್ಟಿಸುವ ಹುಡುಗನ ಕೆಲಸ ವೆಬ್‌ನದ್ದು. ಬಾಣಗಳೆಲ್ಲ ಒಂದೇ ದಿಕ್ಕಿಗೆ ಬಂದವು. ರಿಯಾಕ್ಟರ್ ಒಪ್ಪಿಕೊಂಡಿತು. ಇನ್ನೊಂದು ಲಾಭವೂ ಆಯಿತು. ಈಗ ಲೆಕ್ಕದ ಟೆಸ್ಟ್ ಬರೆಯಲು ಏಲಂ ನಡೆಸಬೇಕಾಗಿಲ್ಲ, ಕೈಯಲ್ಲಿ ಒಂದು ಚೀಟಿ ಬರೆದು ಕೊಟ್ಟರೆ ಸಾಕು.

ವರ್ಷನ್‌ಗೆ ಒಂದೇ ಜಾಗ

ಮುಂದಿನದ್ದು ವರ್ಷನ್‌ಗಳು. ಪೇರೆಂಟ್ ಪಾಮ್‌ನಲ್ಲಿ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಎಂಬ ಭಾಗ ಇದೆ. ಅಲ್ಲಿ ಹೆಸರು ಬರೆದರೆ ಆ ಲೈಬ್ರರಿ ಒಳಗೆ ಬಂದುಬಿಡುವುದಿಲ್ಲ. "ಇದು ಯಾರ ಮೂಲಕ ಬಂದರೂ ಈ ವರ್ಷನ್ನೇ ತೆಗೆದುಕೊಳ್ಳಿ" ಎಂದು ಹೇಳಿದ ಹಾಗೆ. ನೇರ ಕೇಳಿದ್ದಕ್ಕೆ ಮಾತ್ರ ಅಲ್ಲ, ಮೂರನೇ ನಾಲ್ಕನೇ ಮೆಟ್ಟಿಲಿನಿಂದ ಬರುವುದಕ್ಕೂ ಇದು ಅನ್ವಯಿಸುತ್ತದೆ. ಮೆಟ್ಟಿಲು ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಇದು ಗೊತ್ತಿಲ್ಲದೆ ಪ್ರತಿ ಮಾಡ್ಯೂಲಿನಲ್ಲೂ ಎಕ್ಸ್‌ಕ್ಲೂಷನ್ ("ಇದನ್ನು ತರಬೇಡ" ಎಂಬ ಸೂಚನೆ) ಬರೆಯುತ್ತಾ ಹೋಗುವವರನ್ನು ನೋಡಿದ್ದೇನೆ. ಆ ದಾರಿ ಬೇಡ. ಎಕ್ಸ್‌ಕ್ಲೂಷನ್ ಬರೆದವರಿಗೆ ಮಾತ್ರ ಅದರ ಕಾರಣ ಗೊತ್ತಿರುತ್ತದೆ.

ಮಕ್ಕಳ ಪಾಮ್‌ಗಳಿಂದ ವರ್ಷನ್ ನಂಬರ್‌ಗಳನ್ನೆಲ್ಲ ತೆಗೆದೆವು. ವೆಬ್‌ಗೆ ಹಾಕಿದ ತೇಪೆಯೂ ಹೋಯಿತು.

ಹಾಗೆ ಮಾಡುವಾಗ ಸಾಮಾನ್ಯ ಮಾಡ್ಯೂಲಿಗೆ ಕಾಮನ್ಸ್ ಐಓ ಯಾಕೆ ಬೇಕಿತ್ತು ಎಂದು ಹುಡುಕಿದೆವು. ಒಂದೇ ಒಂದು ಸಾಲು. ಒಂದು ಫೈಲನ್ನು ಪೂರ್ತಿ ಓದಿ ಸ್ಟ್ರಿಂಗ್ ಮಾಡುವುದು. ಅದನ್ನು ಬರೆದಾಗ ನಾವು ಜಾವಾ 8ರಲ್ಲಿ ಇದ್ದೆವು. ಜಾವಾ 11ರಿಂದ ಆ ಕೆಲಸ ಜಾವಾದ ಫೈಲ್ಸ್ ಕ್ಲಾಸಿನಲ್ಲೇ ಇದೆ. ಸಾಲು ಬದಲಿಸಿದೆವು, ಲೈಬ್ರರಿಯನ್ನು ಸಾಮಾನ್ಯದಿಂದ ಪೂರ್ತಿ ತೆಗೆದೆವು. ಆ ಒಂದು ಸಾಲಿಗಾಗಿ ತಂದ ಲೈಬ್ರರಿ ಮಲ್ಪೆಯ ಡೀಸೆಲ್ ಪಟ್ಟಿಯನ್ನು ನಿಲ್ಲಿಸಿತ್ತು. ಎಲ್ಲರೂ ಬಳಸುವ ಮಾಡ್ಯೂಲಿಗೆ ಹೊಸ ಲೈಬ್ರರಿ ಸೇರಿಸುವಾಗ ನಾನು ಈಗ ತುಂಬಾ ಯೋಚಿಸುತ್ತೇನೆ. ಅದು ಉಳಿದ ಎಲ್ಲ ಮಾಡ್ಯೂಲ್‌ಗೂ ಹೋಗುತ್ತದೆ, ಅದೂ ಹತ್ತಿರದ ಮೆಟ್ಟಿಲಿನಲ್ಲಿ.

ನಿಯಮ ಬರೆದರೆ ಸಾಲದು, ಕಾಯಲು ಯಾರಾದರೂ ಬೇಕು. ಮೇವನ್‌ಗೆ ಎನ್‌ಫೋರ್ಸರ್ ಎಂಬ ಪ್ಲಗಿನ್ ಇದೆ. ಮೊದಲು ಅದರ ಡಿಪೆಂಡೆನ್ಸಿ ಕನ್ವರ್ಜೆನ್ಸ್ ನಿಯಮ ಹಾಕಿದೆವು. ಒಂದೇ ಲೈಬ್ರರಿಗೆ ಎರಡು ವರ್ಷನ್ ಎಲ್ಲಿ ಕಂಡರೂ ಅದು ಬಿಲ್ಡ್ ನಿಲ್ಲಿಸುತ್ತದೆ. ಪರದೆ ತುಂಬಾ ಕೆಂಪು. ಎರಡು ದಿನ ಹೆಣಗಿ ಬಿಟ್ಟೆವು. ಆರು ಜನರ ತಂಡಕ್ಕೆ ಅಷ್ಟು ಬಿಗಿ ನಿಯಮ ಹೊರೆಯಾಗುತ್ತದೆ, ಕೊನೆಗೆ ಯಾರೋ ಅದನ್ನು ಆಫ್ ಮಾಡುತ್ತಾರೆ. ಬದಲಿಗೆ ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್ ಎಂಬ ನಿಯಮ ಹಾಕಿದೆವು. ಆರಿಸಿದ ವರ್ಷನ್ ಯಾರಾದರೂ ಕೇಳಿದ್ದಕ್ಕಿಂತ ಹಳೆಯದಾಗಿದ್ದರೆ ಮಾತ್ರ ಅದು ತಡೆಯುತ್ತದೆ. ನಮಗೆ ಆದ ತೊಂದರೆ ಅದೇ ಅಲ್ವಾ? ಆರು ಕಡೆ ತೋರಿಸಿತು. ಆರನ್ನೂ ಸರಿ ಮಾಡಿದೆವು.

ಮೇವನ್ ಬಿಟ್ಟು ಇನ್ನೊಂದು ಬಿಲ್ಡ್ ಸಾಧನವಾದ ಗ್ರೇಡಲ್‌ಗೆ ಹೋಗೋಣ ಎಂಬ ಮಾತೂ ಬಂದಿತ್ತು. ಗ್ರೇಡಲ್ ಎರಡು ವರ್ಷನ್ ಕಂಡರೆ ಹೊಸದನ್ನು ಆರಿಸುತ್ತದೆ, ಹಾಗಾಗಿ ನಮ್ಮ ಈ ದೋಷ ಅಲ್ಲಿ ಬರುತ್ತಿರಲಿಲ್ಲ. ಅದು ಸತ್ಯ. ಆದರೆ ಹೊಸ ವರ್ಷನ್‌ನಲ್ಲಿ ಹಳೆಯ ಮೆಥಡ್ ತೆಗೆದಿದ್ದರೆ ಅಲ್ಲಿಯೂ ಇದೇ ಎರರ್ ಬರುತ್ತದೆ. ನಮ್ಮಲ್ಲಿ ಗ್ರೇಡಲ್ ಚೆನ್ನಾಗಿ ಗೊತ್ತಿದ್ದವರು ಒಬ್ಬರೇ. ಮೇವನ್‌ನಲ್ಲೇ ಉಳಿದೆವು.

ಇನ್‌ಸ್ಟಾಲ್ ಬಿಟ್ಟದ್ದು

ಅಭ್ಯಾಸ ಬದಲಿಸುವುದಕ್ಕೆ ಕೋಡ್ ಬದಲಿಸುವುದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಎಲ್ಲರ ಬೆರಳಿಗೆ ಕ್ಲೀನ್ ಇನ್‌ಸ್ಟಾಲ್ ಅಂಟಿಕೊಂಡಿತ್ತು. ಇನ್‌ಸ್ಟಾಲ್ ಎಂದರೆ ಜಾರ್ ಅನ್ನು ಎಂ2 ಫೋಲ್ಡರಿಗೆ ಹಾಕುವುದು. ಎಲ್ಲ ಮಾಡ್ಯೂಲ್ ಒಂದೇ ಸೂರಿನಡಿ ಇರುವಾಗ ಅದರ ಅಗತ್ಯ ಇಲ್ಲ. ಬಿಲ್ಡ್ ಮಾಡಿ ಪರೀಕ್ಷಿಸುವ ವೆರಿಫೈ ಕಮಾಂಡ್ ಸಾಕು. ಮಾಡ್ಯೂಲ್‌ಗಳು ಆಗ ತಾನೇ ಬಿಲ್ಡ್ ಆದದ್ದನ್ನು ಒಂದರಿಂದ ಒಂದು ಪಡೆಯುತ್ತವೆ.

ಇದರಲ್ಲಿ ಒಂದು ಗುಂಡಿ ಇದೆ. ಬೇಗ ಆಗಲಿ ಎಂದು ವೆಬ್ ಒಂದನ್ನೇ ಬಿಲ್ಡ್ ಮಾಡಲು ಪಿಎಲ್ ಆಯ್ಕೆ ಕೊಡುತ್ತೇವೆ. ಅದೊಂದನ್ನೇ ಕೊಟ್ಟರೆ ಉಳಿದ ಮಾಡ್ಯೂಲ್‌ಗಳನ್ನು ಮೇವನ್ ಎಂ2 ಫೋಲ್ಡರಿನಿಂದ ಎತ್ತಿಕೊಳ್ಳುತ್ತದೆ. ಅಲ್ಲಿ ಹಳೆಯದಿದ್ದರೆ ಹಳೆಯದೇ. ಜೊತೆಗೆ ಎಎಂ ಆಯ್ಕೆಯನ್ನೂ ಕೊಡಬೇಕು. ಆಗ ವೆಬ್‌ಗೆ ಬೇಕಾದ ಮಾಡ್ಯೂಲ್‌ಗಳೂ ಒಟ್ಟಿಗೆ ಬಿಲ್ಡ್ ಆಗುತ್ತವೆ. ಎಲ್ಲರ ಮಷಿನ್‌ನಿಂದ ನಮ್ಮ ಮಾಡ್ಯೂಲ್‌ಗಳ ಹಳೆಯ ಜಾರ್‌ಗಳನ್ನು ಅಳಿಸಿದ ಮೇಲೆ ಈ ತಪ್ಪು ತಾನಾಗಿ ಕಾಣತೊಡಗಿತು. ಎಎಂ ಮರೆತರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನಮಗೆ ಬೇಕಾದದ್ದು ಅದೇ.

ಪೂರ್ತಿ ಬಿಲ್ಡ್ ಈಗ ಐದು ನಿಮಿಷದ ಒಳಗೆ. ಟಿ ಆಯ್ಕೆ ಕೊಟ್ಟು ಕೆಲವು ಮಾಡ್ಯೂಲ್‌ಗಳನ್ನು ಒಟ್ಟೊಟ್ಟಿಗೆ ಓಡಿಸುವುದರಿಂದ ಸ್ವಲ್ಪ ಸಮಯ ಉಳಿಯುತ್ತದೆ. ಸುತ್ತು ಬಿಡಿಸಿದ ಮೇಲೆ ಏಲಂ ಮತ್ತು ಲೆಕ್ಕ ಪಕ್ಕಪಕ್ಕದಲ್ಲಿ ಓಡುತ್ತವೆ. ಮೇವನ್ ರ‍್ಯಾಪರ್ ಹಾಕಿದ್ದರಿಂದ ಎಲ್ಲರೂ ಒಂದೇ ಮೇವನ್ ವರ್ಷನ್ ಬಳಸುತ್ತಾರೆ.

ಇನ್ನೊಂದು ಏರ್ಪಾಡು ಪ್ರತಿ ಭಾನುವಾರ ರಾತ್ರಿಯದ್ದು. ಬಿಲ್ಡ್ ಸರ್ವರ್ ಒಂದು ಹೊಸ ಖಾಲಿ ಫೋಲ್ಡರ್ ಮಾಡಿ, ಅದನ್ನೇ ಎಂ2 ಎಂದು ಮೇವನ್‌ಗೆ ತೋರಿಸಿ, ಗಿಟ್‌ನಿಂದ ಕೋಡ್ ತಂದು ಮೊದಲಿನಿಂದ ಬಿಲ್ಡ್ ಮಾಡುತ್ತದೆ. ಕೊನೆಯಲ್ಲಿ ಸಾಫ್ಟ್‌ವೇರ್ ಓಡಿಸಿ ಐದು ವರದಿಗಳ ಎಕ್ಸೆಲ್ ತೆಗೆದು ನೋಡುತ್ತದೆ. ಇಂಟರ್ನ್ ಹುಡುಗಿಯ ಲ್ಯಾಪ್‌ಟಾಪ್ ಆ ಸೋಮವಾರ ಮಾಡಿದ ಕೆಲಸವನ್ನೇ ಇದು ವಾರಕ್ಕೊಮ್ಮೆ ಮಾಡುತ್ತದೆ. ಹೊರಗಿನ ಲೈಬ್ರರಿಗಳು ನೆಕ್ಸಸ್ ಮೂಲಕವೇ ಬರುವುದರಿಂದ ಮಳೆಗೆ ನೆಟ್ ಹೋದರೂ ಬಿಲ್ಡ್ ನಿಲ್ಲುವುದಿಲ್ಲ. ಈ ಭಾನುವಾರದ ಬಿಲ್ಡ್ ಬರೆದವಳೂ ಅವಳೇ. ಕಾಲೇಜು ಮುಗಿಸಿ ಈಗ ನಮ್ಮಲ್ಲೇ ಕೆಲಸಕ್ಕಿದ್ದಾಳೆ.

ಅಕ್ಟೋಬರ್ ಕೊನೆಗೆ ಕೆಲಸ ಮುಗಿಯಿತು. ಮುಂದಿನ ರಜೆಯಲ್ಲಿ ಪಿಓಐ ಮತ್ತೆ ಹೊಸ ವರ್ಷನ್‌ಗೆ ಹೋಗಬೇಕಾಯಿತು. ಪೇರೆಂಟ್ ಪಾಮ್‌ನಲ್ಲಿ ಒಂದು ಸಾಲು ಬದಲಿಸಿದೆವು. ಎನ್‌ಫೋರ್ಸರ್ ತಡೆದು, ಕಾಮನ್ಸ್ ಐಓ ಹಳೆಯದಾಯಿತು ಎಂದಿತು. ಅದನ್ನೂ ಒಂದು ಸಾಲಿನಲ್ಲಿ ಏರಿಸಿದೆವು. ಗುಮಾಸ್ತರಿಗೆ ಫೋನ್ ಮಾಡಿ ಡೀಸೆಲ್ ಪಟ್ಟಿ ಒಮ್ಮೆ ತೆಗೆದು ನೋಡಿ ಎಂದೆ.

"ಅದು ಬೆಳಿಗ್ಗೆಯೇ ತೆಗ್ದಾಯ್ತು" ಎಂದರು.